ವಾಲಿಬಾಲಿಗೆ ಹಾಕಿದ ಗುಲಾಬಿ ಚೌಕಟ್ಟು

ಆಟದ ಸಾಕ್ಷ್ಯಚಿತ್ರ ಯಾವುದೇ ಇರಲಿ, ಅದರ ಕೊನೆಯ ಹತ್ತು ನಿಮಿಷ ನಾನು ಅಡುಗೆಮನೆಯಲ್ಲಿರುತ್ತೇನೆ. ಇದೊಂದು ಚಟ. ಸಂಗೀತ ಮೆಲ್ಲಗೆ ಏರತೊಡಗಿ, ಆಟಗಾರನ ಮುಖ ಪರದೆ ತುಂಬಾ ಬಂದು, ಎಲ್ಲರೂ ನೀರಿನೊಳಗೆ ನಡೆದಂತೆ ನಿಧಾನವಾಗಿ ಚಲಿಸಲು ಶುರುವಾಯಿತೆಂದರೆ ನನಗೆ ಬಾಯಾರುತ್ತದೆ. ಎದ್ದು ಹೋಗಿ ನೀರು ಕುಡಿಯುತ್ತೇನೆ. ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತೇನೆ. ಚಹಾಕ್ಕೆ ನೀರಿಡುತ್ತೇನೆ. ಚಾವಡಿಯಿಂದ ನನ್ನ ಹೆಂಡತಿ ಗಿರಿಜೆ ಫಲಿತಾಂಶ ಕೂಗಿ ಹೇಳುತ್ತಾಳೆ.

"ಹ್ವಾಯ್, ಗೆದ್ದ ಕಾಣಿ! ಬನಿ, ಇನ್ ಹೆದ್ರಿಕಿ ಇಲ್ಲೆ."

ನನ್ನ ಹೃದಯ ಮೆದು, ಯಾರಾದರೂ ಸೋತರೆ ತಡೆದುಕೊಳ್ಳಲಾರೆ ಎಂದು ಅವಳ ನಂಬಿಕೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಗಂಡನ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಉಳಿದಿದ್ದರೆ ಅದನ್ನು ತಿದ್ದಲು ಹೋಗುವವನು ಮೂರ್ಖ. ನಾನು ತಿದ್ದಿಲ್ಲ.

ಈಗ ಇದೆಲ್ಲ ನೆನಪಾಗಲು ಕಾರಣ ನಮ್ಮ ಊರಿನ ಯುವಕ ಮಂಡಲದ ವಾಟ್ಸಾಪ್ ಗುಂಪು. ಅದರಲ್ಲಿ ದಿನವೂ ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ರಾಜಕೀಯ, ಸಂಜೆ ಮರಣವಾರ್ತೆ ಬರುತ್ತವೆ. ಮೊನ್ನೆ ಈಗಿನ ಕಾರ್ಯದರ್ಶಿ ಪ್ರಜ್ವಲ ನನ್ನ ಹೆಸರು ಹಿಡಿದೇ ಬರೆದಿದ್ದ: "ಅಣ್ಣ, ರಜಿಯಂಗೆ ಮಕ್ಳ್ ಕ್ಯಾಂಪ್ ಇತ್ತ್. ತೋರ್ಸುಕೆ ಒಳ್ಳೊಳ್ಳೆ ಸ್ಪೋರ್ಟ್ಸ್ ಡಾಕ್ಯುಮೆಂಟರಿ ಒಂದ್ ಐದಾರ್ ಹೇಳಿ. ನಿಮ್ಗೆ ಗೊತ್ತಿರತ್ತಲ್ದಾ?"

ನನಗೆ ಗೊತ್ತಿರುತ್ತದೆ ಎಂದು ಅವನು ಭಾವಿಸಿದ್ದಕ್ಕೆ ಕಾರಣವಿದೆ. ಕುಂದಾಪುರ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತು ವರ್ಷ ನನ್ನ ವಿಡಿಯೋ ಸ್ಟುಡಿಯೋ ಇತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾನು ಹಿಡಿಯದ ಮದುವೆಯಿಲ್ಲ, ಉಪನಯನವಿಲ್ಲ. ಈಗ ಸ್ಟುಡಿಯೋ ಮುಚ್ಚಿದೆ; ಎಲ್ಲರ ಕೈಯಲ್ಲೂ ಕ್ಯಾಮೆರಾ ಬಂದ ಮೇಲೆ ನನ್ನನ್ನು ಯಾರು ಕರೆಯುತ್ತಾರೆ? ಮನೆಯಲ್ಲಿ ಕುಳಿತು ಸಾಕ್ಷ್ಯಚಿತ್ರ ನೋಡುವುದೇ ಕೆಲಸ. ಅದರಲ್ಲೂ ಆಟದವು. ಅದರಲ್ಲೂ, ಕೊನೆಯ ಹತ್ತು ನಿಮಿಷ ಬಿಟ್ಟು.

ಪ್ರಜ್ವಲನಿಗೆ ಏನು ಹೇಳಲಿ? ಹಿಮದ ಗುಡ್ಡ ಹತ್ತುವವರದ್ದೊಂದು ಇದೆ. ಹೆಸರು ಕೇಳಬೇಡಿ, ಇಂಗ್ಲಿಷ್ ಹೆಸರುಗಳು ನನ್ನ ತಲೆಯಲ್ಲಿ ಒಂದು ರಾತ್ರಿಯೂ ನಿಲ್ಲುವುದಿಲ್ಲ. ಹಗ್ಗ ಹಿಡಿದು ಒಬ್ಬ ಏರುತ್ತಾನೆ, ಕೆಳಗೆ ಪಾತಾಳ. ಗಿರಿಜೆ ಸೆರಗು ಬಾಯಿಗೊತ್ತಿಕೊಂಡು ನೋಡಿದಳು. ನನಗೆ ಮಾತ್ರ ಒಂದೇ ಯೋಚನೆ. ಇವನು ಏರುವುದನ್ನು ಮೇಲಿನಿಂದ ಹಿಡಿಯುತ್ತಿರುವವನು ಯಾರು? ಅವನು ಇವನಿಗಿಂತ ಮೊದಲೇ ಏರಿರಬೇಕಲ್ಲ, ಅದೂ ಕ್ಯಾಮೆರಾ ಹೊತ್ತು! ಅವನಿಗೊಂದು ಚಪ್ಪಾಳೆಯಿಲ್ಲ. ಮುದುಕಿಯರ ಈಜು ತಂಡದ್ದೊಂದಿದೆ. ಮೊಮ್ಮಕ್ಕಳನ್ನು ದಡದಲ್ಲಿ ಕೂರಿಸಿ ತಣ್ಣನೆಯ ಸಮುದ್ರಕ್ಕಿಳಿಯುತ್ತಾರೆ. ಅದು ಗಿರಿಜೆಯ ಪ್ರಾಣ. ವರ್ಷವಿಡೀ ಸೋಲುವ ಸಣ್ಣ ಊರಿನ ಫುಟ್ಬಾಲ್ ತಂಡದ್ದೂ ಚೆನ್ನಾಗಿದೆ. ಸೋತು ಬಂದು ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಉಣ್ಣುತ್ತಾರೆ, ಯಾರ ತಟ್ಟೆಯನ್ನೂ ಯಾರೂ ದೂರ ಸರಿಸುವುದಿಲ್ಲ. ಅದನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮೂರಿನಲ್ಲಿ ಸೋತವನಿಗೆ ಊಟ ಅಷ್ಟು ಸುಲಭವಾಗಿ ಸಿಗಲಿಲ್ಲ.

ಇನ್ನೊಂದಿದೆ. ಹಳೆಯ ಬಾಕ್ಸರ್ ಒಬ್ಬ ಮುದುಕನಾದ ಮೇಲೆ ತನ್ನದೇ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುತ್ತಾನೆ. ಏನೂ ಹೇಳುವುದಿಲ್ಲ, ನೋಡುತ್ತಾನಷ್ಟೇ. ಆ ದೃಶ್ಯ ಬಂದಾಗ ಹತ್ತು ನಿಮಿಷಕ್ಕೂ ಮೊದಲೇ ಎದ್ದು ಹೋದೆ. ಅದನ್ನು ಪ್ರಜ್ವಲನ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಯೋಚಿಸುತ್ತ ಕುಳಿತವನಿಗೆ, ನಾನೇ ಹಿಡಿದ ಒಂದೇ ಒಂದು ಆಟದ ಚಿತ್ರ ನೆನಪಾಯಿತು. ಅದನ್ನು ಯಾರಿಗೂ ಶಿಫಾರಸು ಮಾಡಲಾರೆ.

ನಮ್ಮೂರು ತ್ರಾಸಿಯಿಂದ ಕೂಗಳತೆ ದೂರ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಗದ್ದೆ. ನಾವು ಮಕ್ಕಳಿದ್ದಾಗ ವಾಲಿಬಾಲಿನ ನೆಟ್ ಎಂದರೆ ಹರಿದ ಮೀನಿನ ಬಲೆ. ದೋಣಿಯ ಎರಡು ಹುಟ್ಟು ಮರಳಿನಲ್ಲಿ ಹುಗಿದು ಬಲೆ ಕಟ್ಟಿದರೆ ಅಂಕಣ ಸಿದ್ಧ. ಆಟ ಮುಗಿಸಿ ಮನೆಗೆ ಹೋದರೆ ಕೈಯೆಲ್ಲ ಮೀನಿನ ವಾಸನೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವಾದ್ದರಿಂದ ಅಬ್ಬಿ, ಅಂದರೆ ನನ್ನ ಅಮ್ಮ, ಬಾವಿಕಟ್ಟೆಯಲ್ಲೇ ತಡೆದು ಎರಡು ಕೊಡಪಾನ ನೀರು ಹೊಯ್ದು ಒಳಗೆ ಬಿಡುತ್ತಿದ್ದಳು. ನಾನು ಆಡುತ್ತಿದ್ದುದೂ ಅಷ್ಟರಲ್ಲೇ ಇತ್ತು. ಚೆಂಡು ನನ್ನ ಕಡೆ ಬಂದರೆ "ಬಿಡ್, ಬಿಡ್, ನಾನ್ ಹಿಡಿತೆ" ಎಂದು ಪಕ್ಕದವನು ನುಗ್ಗಿ ಬರುತ್ತಿದ್ದ. ಆ ಪಕ್ಕದವನೇ ಶೀನ.

ಶೀನ ನನ್ನ ವಾರಿಗೆಯವನು, ಬಚ್ಚಣ್ಣನ ಮಗ. ಬಚ್ಚಣ್ಣ ನಮ್ಮೂರಿನ ಧನಿಗಳ ದೋಣಿಯಲ್ಲಿ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ದೋಣಿ ನಡೆಸುವವ. ಶೀನ ಶಾಲೆ ಬಿಟ್ಟು ಅಪ್ಪನ ಜೊತೆಗೇ ಅದೇ ದೋಣಿಗೆ ಹೋಗುತ್ತಿದ್ದ. ಬಲೆ ಎಳೆದೂ ಎಳೆದೂ ಅವನ ತೋಳು ಒನಕೆಯಂತಾಗಿತ್ತು. ಮರಳಿನಲ್ಲಿ ಹಾರಿ ಅಭ್ಯಾಸವಾದವನಿಗೆ ಗಟ್ಟಿನೆಲ ಸಿಕ್ಕಿದರೆ ಕೇಳಬೇಕೇ? ಬರಿಗಾಲಿನಲ್ಲಿ ನೆಗೆದು ಅವನು ಹೊಡೆದ ಚೆಂಡು ಎದುರಿನವರಿಗೆ ಕಾಣುವ ಮೊದಲೇ ನೆಲಕ್ಕೆ ಬಿದ್ದಿರುತ್ತಿತ್ತು. ಮಗ ಹೊಡೆದಾಗಲೆಲ್ಲ ಬಚ್ಚಣ್ಣ ಎರಡೂ ಕೈ ಮೇಲೆತ್ತುತ್ತಿದ್ದರು. ಕೂಗುವುದಿಲ್ಲ, ಕುಣಿಯುವುದಿಲ್ಲ, ಬರೇ ಎರಡು ಕೈ ಮೇಲೆ. ದೋಣಿಯಿಂದ ದಡದವರಿಗೆ ಮೀನು ಸಿಕ್ಕಿತೆಂದು ಹೇಳುವ ರೀತಿ ಅದು. ಅವರು ಮಾತಿನಲ್ಲಿ ಮಗನನ್ನು ಹೊಗಳಿದ್ದನ್ನು ನಾನಂತೂ ಕೇಳಿಲ್ಲ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ, ನಮ್ಮ ಯುವಕ ಮಂಡಲ ದೊಡ್ಡ ಪಂದ್ಯಾಟ ಮಾಡಿತು. ಧನಿಗಳು ಟ್ರೋಫಿ ಕೊಟ್ಟರು, ಆಳೆತ್ತರದ್ದು. ಕೊಯ್ಲಾದ ಗದ್ದೆಯನ್ನು ಸಮ ಮಾಡಿ, ನೀರು ಹಾಯಿಸಿ, ಒಣಗಿಸಿ, ಚಿಪ್ಪಿಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಪೇಟೆಯಲ್ಲಿ ಸಿಗುವ ಬಿಳಿ ಪುಡಿಗಿಂತ ನಮ್ಮ ಚಿಪ್ಪಿಸುಣ್ಣ ಒಳ್ಳೆಯದು. ಚೆಂಡು ಗೆರೆಗೆ ಬಿದ್ದರೆ ಬೆಳ್ಳಗೆ ಹೊಗೆಯ ಹಾಗೆ ಏಳುತ್ತದೆ, ಗೆರೆಯಾಚೆ ಬಿದ್ದರೆ ಬರೀ ಕೆಂಪು ಧೂಳು. ಅದಕ್ಕೇ ಬೇಕೆಂದು ಅದನ್ನೇ ಹಾಕುವುದು. ಚಿತ್ರೀಕರಣ ನನ್ನದು. ಊರಿನ ಮೊದಲ ವಿಡಿಯೋ ಪಂದ್ಯಾಟ! ಹೆಗಲ ಮೇಲಿಡುವ ದೊಡ್ಡ ಕ್ಯಾಮೆರಾ ಹೊತ್ತು ನಾನು ಆಟಗಾರರಿಗಿಂತ ಹೆಚ್ಚು ಬೀಗುತ್ತ ಓಡಾಡಿದೆ.

ಇಲ್ಲಿ ನಮ್ಮ ಕಸುಬಿನ ಒಂದು ನೇಮ ಹೇಳಬೇಕು. ನನಗೆ ಕ್ಯಾಮೆರಾ ಕಲಿಸಿದ ಸಾಲಿಗ್ರಾಮದ ಮಾಸ್ಟ್ರು ಮೊದಲ ದಿನವೇ ಹೇಳಿಕೊಟ್ಟದ್ದು: "ಗಂಡು ಹೆಣ್ಣ್ ಮಂಟಪ ಬಿಟ್ ಎಲ್ಲಿಗೂ ಓಡಿ ಹೋತಿಲ್ಲೆ. ದೊಡ್ಡೋರ್ ಯಾರಾರೂ ಬಂದ್ರೆ ಫಸ್ಟ್ ಅವ್ರನ್ ಹಿಡಿ. ಕ್ಯಾಸೆಟ್ ಹಾಕಿ ಕಾಂಬತಿಗೆ ತಮ್ಮ ಮುಖ ಇಲ್ದಿರೆ ಮುಂದಿನ್ ಮದಿಗೆ ನಿನ್ನನ್ ಕರುದಿಲ್ಲೆ." ಈ ಮಾತು ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ಬ್ರಹ್ಮಾವರದ ಒಂದು ಮದುವೆಯಲ್ಲಿ ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತ ಸದ್ದಾಗಿ, ನಾನು ಗಿರ್ರನೆ ತಿರುಗಿ ಕಾರಿನಿಂದಿಳಿದವರನ್ನು ಹಿಡಿದಿದ್ದೆ. ಕ್ಯಾಸೆಟ್ಟಿನಲ್ಲಿ ಹುಡುಗಿಯ ಕುತ್ತಿಗೆಗೆ ತಾಳಿ ತನ್ನಿಂತಾನೇ ಬಂದಿತ್ತು. ಆದರೂ ಬೈಗುಳ ಬೀಳಲಿಲ್ಲ. ಕಾರಿನಿಂದಿಳಿದವರು ಹುಡುಗಿಯ ದೊಡ್ಡಪ್ಪ, ಅವರು ತುಂಬಾ ಚೆನ್ನಾಗಿ ಬಂದಿದ್ದರು.

ಎರಡನೆಯ ನೇಮ ಮಿಕ್ಸಿಂಗಿನದು. ಕ್ಯಾಸೆಟ್ಟನ್ನು ಉಡುಪಿಗೆ ಒಯ್ದು ಮಿಕ್ಸಿಂಗ್ ಮಾಡಿಸುವಾಗ ಮುಖ್ಯರಾದವರ ಸುತ್ತ ಏನಾದರೂ ಅಲಂಕಾರ ಹಾಕಬೇಕು. ಮದುಮಕ್ಕಳಿಗೆ ಹೃದಯ, ಹಿರಿಯರಿಗೆ ಗುಲಾಬಿ ಹೂವಿನ ಚೌಕಟ್ಟು. ನಾಲ್ಕೂ ಬದಿಯಲ್ಲಿ ಅಂಗೈಯಗಲದ ಗುಲಾಬಿ, ನಡುವೆ ಮುಖ, ಕೆಳಗೆ ಹೆಸರು. ಈಗ ನೋಡಿದರೆ ನಗು ಬರುತ್ತದೆ, ಆಗ ಅದಿಲ್ಲದ ಕ್ಯಾಸೆಟ್ಟು ಒಗ್ಗರಣೆಯಿಲ್ಲದ ಸಾರು. ಈ ಎರಡು ನೇಮ ಮದುವೆಗೆ ಹೇಳಿದ್ದು, ವಾಲಿಬಾಲಿಗಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಫೈನಲಿಗೆ ಬಂದದ್ದು ನಮ್ಮ ತಂಡ ಮತ್ತು ಬೈಂದೂರು ಕಡೆಯ ಒಂದು ತಂಡ. ಅವರ ನಾಯಕ ಶೀನನ ಅಕ್ಕನ ಗಂಡ. ಊರೆಲ್ಲ ಭಾವ–ಭಾವಂದಿರ ಪಂದ್ಯವೆಂದು ತಮಾಷೆ ಮಾಡಿತು. ಆ ತಮಾಷೆ ಆಮೇಲೆ ಹೇಗೆ ತಿರುಗಿತು ನೋಡಿ. ಮೂರನೆಯ ಸೆಟ್ಟು, ಸಂಜೆಯ ಇಳಿಬಿಸಿಲು, ಅವರಿಗೆ ಹದಿನಾಲ್ಕು, ನಮಗೆ ಹದಿಮೂರು. ಅವರದೇ ಸರ್ವಿಸು. ಚೆಂಡು ಮೂರು ಸಲ ಆಚೀಚೆ ಹೋಯಿತು. ನಾಲ್ಕನೆಯ ಸಲ ಶೀನನಿಗೆ ಎತ್ತರಕ್ಕೆ ಸಿಕ್ಕಿತು. ಅವನು ನೆಗೆದದ್ದನ್ನು ಕ್ಯಾಮೆರಾದ ಕಿಂಡಿಯಲ್ಲಿ ನಾನು ನೋಡಿದೆ.

ಅಷ್ಟರಲ್ಲಿ ಢಂ ಎಂದು ಗರ್ನಾಲು ಸಿಡಿಯಿತು. ಧನಿಗಳ ಕಾರು ಬಂದಿತ್ತು. ಮೈಕಿನವನು "ಟ್ರೋಫಿಯ ದಾನಿಗಳು, ನಮ್ಮೆಲ್ಲರ..." ಎಂದು ಶುರು ಮಾಡಿದ. ನಾನು ತಿರುಗಿದೆ. ನಾನೇನು, ಜನವೆಲ್ಲ ತಿರುಗಿತು. ಧನಿಗಳು ಕೈಮುಗಿದು ನಗುತ್ತ ಬಂದರು, ಯಾರೋ ಹಾರ ಹಾಕಿದರು, ನಾನು ಮುಖ ಚೆನ್ನಾಗಿ ಬರಲೆಂದು ಎರಡು ಹೆಜ್ಜೆ ಮುಂದೆ ಹೋದೆ. ಈ ಗಡಿಬಿಡಿಯ ನಡುವೆ ಹಿಂದೆಲ್ಲೋ ಸೀಟಿ ಕೇಳಿಸಿತ್ತು.

ಮೂಲೆಯಲ್ಲಿ ಗೆರೆ ಕಾಯುವವನ ಕೈಯಲ್ಲೊಂದು ಬಾವುಟವಿರುತ್ತದೆ. ಚೆಂಡು ಒಳಗೆ ಬಿದ್ದರೆ ಕೆಳಗಿಳಿಸಬೇಕು, ಹೊರಗೆ ಬಿದ್ದರೆ ಮೇಲೆತ್ತಬೇಕು. ಅವತ್ತು ಅಲ್ಲಿ ನಿಂತವನು ಧನಿಗಳ ಅಳಿಯ ದಿವಾಕರ. ಅವನು ಬಾವುಟ ಮೇಲೆತ್ತಿದ್ದ. ಪಂದ್ಯ ಮುಗಿಯಿತು. ನಾವು ಸೋತೆವು.

ಶೀನ ಓಡಿ ಬಂದು ಗೆರೆ ತೋರಿಸಲು ನೋಡಿದ. ಅಷ್ಟರಲ್ಲಿ ಗೆದ್ದವರೂ ಸೋತವರೂ ನುಗ್ಗಿ ಮೂಲೆಯ ಸುಣ್ಣವೆಲ್ಲ ಕಾಲಡಿಯಾಯಿತು. ಕಂಡವರು ಯಾರು ಎಂದು ಕೇಳಿದರೆ ಕಂಡವರೇ ಇಲ್ಲ. ಎಲ್ಲರೂ ಧನಿಗಳನ್ನು ನೋಡುತ್ತಿದ್ದರು. ಆ ಮೂಲೆಯಲ್ಲಿ ನಿಂತಿದ್ದವರು ಬಚ್ಚಣ್ಣ. ಅವರನ್ನೂ ಕೇಳಿದರು. ಧನಿಗಳೂ ಅಲ್ಲೇ ಇದ್ದರು. ಬಚ್ಚಣ್ಣ ಹೆಗಲ ಮೇಲಿನ ಬೈರಾಸು ವಸ್ತ್ರ ಸರಿ ಮಾಡಿಕೊಂಡು ಹೇಳಿದರು: "ನಾನ್ ಕಂಡಿಲ್ಲೆ. ಗರ್ನಾಲ್ ಬಿತ್ತಲೆ, ನಾನೂ ಧನಿಗಳ್ ಬದಿಗೇ ಕಾಂತಿದ್ದೆ."

ಎದುರು ಊರಿನವನು ಬಾವುಟ ಎತ್ತಿದ್ದರೆ ನಾಲ್ಕು ದಿನ ಜಗಳವಾಗಿ ಮುಗಿದುಹೋಗುತ್ತಿತ್ತು. ಎತ್ತಿದ್ದು ನಮ್ಮವನೇ. ನಮ್ಮವನೇ ಹೊರಗೆ ಅಂದ ಮೇಲೆ ಹೊರಗೇ ಇರಬೇಕಲ್ಲ? ಹಾಗಾದರೆ ಶೀನನಂಥ ಶೀನ ಅಷ್ಟು ಸುಲಭದ ಚೆಂಡನ್ನು ಹೊರಗೆ ಹೊಡೆದದ್ದು ಹೇಗೆ? ಒಂದು ವಾರದೊಳಗೆ ಉತ್ತರ ಸಿಕ್ಕಿತು. ಭಾವನಿಗೆ ಬಿಟ್ಟುಕೊಟ್ಟ. ಮೀನು ಕಟ್ಟೆಯಲ್ಲಿ ಹೆಂಗಸರು ಅವನ ಅಬ್ಬಿಗೆ ಕೇಳಿಸುವ ಹಾಗೆ "ಅಳಿಯಂಗೆ ಉಡುಗೊರಿ ಜೋರ್ ಮಾಡಿರಿ" ಎಂದರು. ಮಂಡಲದ ಸಹಭೋಜನದಲ್ಲಿ ಅವನು ಕೂತ ಸಾಲಿನಲ್ಲಿ ಎರಡು ಎಲೆ ಖಾಲಿ ಉಳಿದವು. ಮರುವರ್ಷ ತಂಡ ಕಟ್ಟುವಾಗ ಅವನನ್ನು ಯಾರೂ ಕರೆಯಲಿಲ್ಲ. ಕರೆಯಬೇಡಿ ಎಂದು ಯಾರೂ ಹೇಳಲಿಲ್ಲ ಕೂಡ. ಊರಿಗೆ ಇಂಥ ಕೆಲಸ ಚೆನ್ನಾಗಿ ಬರುತ್ತದೆ, ಒಬ್ಬನ ಹೆಸರೂ ಕೆಡದ ಹಾಗೆ ಇನ್ನೊಬ್ಬನ ಹೆಸರು ಕೆಡಿಸುವುದು.

ಪಂದ್ಯವಾದ ಇಪ್ಪತ್ತು ದಿನಕ್ಕೆ ಶೀನ ಸ್ಟುಡಿಯೋಕ್ಕೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಬಂದವನ ಹಾಗೆ ಬಾಗಿಲಲ್ಲಿ ನಿಂತ.

"ಕ್ಯಾಸೆಟ್ ಹಾಕ್, ಕಾಂಬ. ಅದ್ ಗೆರಿ ಮೇಲೇ ಬಿದ್ದದ್ದ್. ನಂಗ್ ಗೊತ್ತಿತ್ತ್. ಸುಣ್ಣ ಎದ್ದದ್ ನಾನ್ ಕಂಡಿದೆ."

ಮಿಕ್ಸಿಂಗ್ ಮುಗಿದ ಕ್ಯಾಸೆಟ್ಟು ಮೇಜಿನ ಮೇಲೇ ಇತ್ತು. ಹಾಕಿದೆ. ಶೀನ ನೆಗೆದ, ಕೈ ಹಿಂದಕ್ಕೆ ಹೋಯಿತು. ಅಲ್ಲಿಗೆ ಚಿತ್ರ ಗಿರ್ರನೆ ತಿರುಗಿ, ಗುಲಾಬಿ ಹೂಗಳ ನಡುವೆ ಧನಿಗಳು ಕೈಮುಗಿದು ನಿಂತರು. ಕೆಳಗೆ ಬಂಗಾರದ ಅಕ್ಷರದಲ್ಲಿ ಅವರ ಹೆಸರು. ಹಿನ್ನೆಲೆಗೆ ನಾದಸ್ವರ ಬೇರೆ ಹಾಕಿಸಿದ್ದೆ.

ಶೀನ ಪರದೆಯ ಹತ್ತಿರ ಹೋಗಿ ಎಡಬದಿಯ ಕೆಳಗಿನ ಮೂಲೆಯನ್ನು ಬೆರಳಿನಿಂದ ಮುಟ್ಟಿದ. ಗಾಜಿನ ಮೇಲಿನ ಹೂವನ್ನು ಉಜ್ಜಿ ತೆಗೆಯಬಹುದೋ ಎಂಬಂತೆ.

"ಈ ಹೂವಿನ್ ಹಿಂದೆ ಎಂತ ಇತ್ತ್?"

"ಎಂತದೂ ಇಲ್ಲೆ ಮಾರಾಯ. ಜನ."

"ಹೂ ಹಾಕುಕ್ ಮುಂಚಿನ್ ಕ್ಯಾಸೆಟ್ ಇಲ್ಯಾ?"

"ಇತ್ತ್. ಹುಡ್ಕ್ಕ್. ಮದಿ ಸೀಸನ್ ಒಂದ್ ಮುಗಿಲಿ."

ಮೂಲ ಕ್ಯಾಸೆಟ್ಟು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ತೆಗೆದು ಹಾಕಿ ತೋರಿಸಲು ಕಾಲು ಗಂಟೆ ಸಾಕಿತ್ತು. ನಾನು ಯಾಕೆ ತೆಗೆಯಲಿಲ್ಲ? ದ್ವೇಷವೇ? ಇಲ್ಲ. ಧನಿಗಳ ಹೆದರಿಕೆಯೇ? ಅದೂ ಇಲ್ಲ. ಅವತ್ತು ಮೂರು ಮದುವೆಯ ಕ್ಯಾಸೆಟ್ಟು ಕೊಡಬೇಕಿತ್ತು, ಸೆಖೆಯಿತ್ತು, ಹಸಿವಾಗಿತ್ತು. ಅಷ್ಟೇ. ಒಬ್ಬ ಮನುಷ್ಯನ ಹೆಸರು ಹಾಳಾಗಲು ಇಷ್ಟು ಸಣ್ಣ ಕಾರಣ ಸಾಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ಅವನು ಇನ್ನೊಮ್ಮೆ ಬಂದ, ಇನ್ನೊಮ್ಮೆ "ಹುಡ್ಕ್ಕ್", ಹುಡುಕಬೇಕು, ಎಂದೆ. ಮೂರನೆಯ ಸಲ ಅವನು ಬರಲಿಲ್ಲ. ನನಗೆ ಹಗುರವಾಯಿತು. ಆ ಹಗುರಕ್ಕೆ ಈಗ ನನಗೆ ನನ್ನ ಮೇಲೆ ಅಸಹ್ಯವಿದೆ.

ಶೀನ ದೋಣಿ ಬಿಟ್ಟ. ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು, ಆಮೇಲೆ ಸಣ್ಣ ಟೆಂಪೋದಲ್ಲಿ ಮೀನು ಹೇರಿಕೊಂಡು ಹಾಲಾಡಿ, ಸಿದ್ದಾಪುರ ಕಡೆಗೆ ಹೋಗತೊಡಗಿದ. ಘಟ್ಟದ ಬುಡದ ಆ ಊರುಗಳಲ್ಲಿ ಅವನ ಪಂದ್ಯದ ಕತೆ ಗೊತ್ತಿರಲಿಲ್ಲ, ಅವರಿಗೆ ಬೇಕಾದದ್ದು ತಾಜಾ ಬಂಗುಡೆ. ಚೆಂಡು ಮತ್ತೆ ಮುಟ್ಟಲಿಲ್ಲ. ಯಾವಾಗಾದರೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಮಾತಾಡುತ್ತಿದ್ದ. ಪಂದ್ಯದ ಸುದ್ದಿ ಬಂದರೆ ಅವನು ಹೇಳುತ್ತಿದ್ದುದು ಒಂದೇ ಮಾತು: "ಅಪ್ಪಯ್ಯ ಕಂಡಿದ್ರೆ ಹೇಳ್ತಿದ್ರ್. ಅವ್ರ್ ಅತ್ಲಾಗ್ ತಿರ್ಗಿದ್ರ್, ನನ್ನ್ ಗ್ರಾಚಾರ." ಆ ಮಾತಿನಲ್ಲಿ ಬೇಸರವಿರಲಿಲ್ಲ. ಊರೆಲ್ಲ ಅವನನ್ನು ನಂಬದಿದ್ದಾಗ, ನಂಬಬಹುದಾಗಿದ್ದ ಒಬ್ಬರಿದ್ದರು, ಅವರ ಕಣ್ಣು ಆ ಗಳಿಗೆ ಬೇರೆಡೆ ಇತ್ತು, ಅಷ್ಟೇ. ಇಷ್ಟನ್ನು ಹಿಡಿದುಕೊಂಡು ಅವನು ಬದುಕಿದ. ಬಚ್ಚಣ್ಣ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಎಂಟು ತಿಂಗಳು ಮೈ ತೊಳೆದು, ಗಂಜಿ ಕುಡಿಸಿ ನೋಡಿಕೊಂಡವನೂ ಅವನೇ.

ಬಚ್ಚಣ್ಣ ತೀರಿಕೊಂಡು ಮೂರು ವರ್ಷದ ಮೇಲೆ ಧನಿಗಳೂ ಹೋದರು. ಅವರ ಮಕ್ಕಳು ನೆನಪಿಗೆಂದು ಅಪ್ಪನಿರುವ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಡಿ.ವಿ.ಡಿ. ಮಾಡಿಕೊಡಲು ಕೇಳಿದರು. ಪಂದ್ಯಾಟದ ಕ್ಯಾಸೆಟ್ಟು ಅವರ ಮನೆಯಲ್ಲಿ ಬೂಷ್ಟು ಹಿಡಿದಿತ್ತು. ಹಾಗಾಗಿ ನನ್ನ ಕಪಾಟಿನಿಂದ ಮೂಲವನ್ನು ತೆಗೆದೆ. ಹದಿನೈದು ವರ್ಷಕ್ಕೂ ಮಿಕ್ಕಿ ಕೈಚಾಚುವಷ್ಟೇ ದೂರದಲ್ಲಿದ್ದದ್ದನ್ನು.

ಕಂಪ್ಯೂಟರಿನ ಪರದೆಯಲ್ಲಿ ಹೂವಿಲ್ಲದ ಧನಿಗಳು ಬಂದರು. ಅವರ ಹಿಂದೆ, ಎಡಗಡೆಯ ಕೆಳಮೂಲೆಯಲ್ಲಿ, ಅಂಕಣದ ಕೊನೆಯ ಗೆರೆಯ ತುಂಡು ಕಾಣುತ್ತಿತ್ತು. ಅವರು ಕೈಮುಗಿಯುವ ಹೊತ್ತಿಗೇ ಒಂದು ಚೆಂಡು ಆ ಮೂಲೆಗೆ ಬಂದು ಬಡಿಯಿತು. ಬೆಳ್ಳಗೆ ಸುಣ್ಣ ಎದ್ದಿತು. ಮೊಣಕಾಲೆತ್ತರಕ್ಕೆ, ಸ್ಪಷ್ಟವಾಗಿ, ಕುರುಡನಿಗೂ ಕಾಣುವ ಹಾಗೆ. ದಿವಾಕರ ಬಾವುಟ ಹಿಡಿದು ಮಾವನ ಕಡೆಗೇ ನೋಡುತ್ತಿದ್ದ. ಸೀಟಿ ಕೇಳಿ ಬೆಚ್ಚಿ ತಿರುಗಿ, ಕೈಗೆ ಬಂದಂತೆ ಮೇಲೆತ್ತಿದ. ಪಾಪ, ಅವನಿಗೆ ದ್ರೋಹ ಮಾಡುವಷ್ಟು ಬುದ್ಧಿಯೂ ಇರಲಿಲ್ಲ.

ಹಿಂದಕ್ಕೆ ತಿರುಗಿಸಿ ಮೂವತ್ತು ಸಲ ನೋಡಿರಬೇಕು. ಇದನ್ನು ಶೀನನಿಗೆ ತೋರಿಸಬೇಕು, ಆಮೇಲೆ ಊರಿಗೆ ತೋರಿಸಬೇಕು, ಅವನಿಗೆ ಅವನ ಹೆಸರು ವಾಪಸು ಕೊಡಬೇಕು. ತಪ್ಪು ಮಾಡಿದವನಿಗೆ ತಿದ್ದುವ ಅವಕಾಶ ಸಿಕ್ಕಿದರೆ ಎಂಥ ಹುರುಪು! ಮರುದಿನವೇ ಲ್ಯಾಪ್‌ಟಾಪು ಕಂಕುಳಲ್ಲಿ ಹಿಡಿದು ಹಾಲಾಡಿಯ ಬಸ್ಸು ಹತ್ತಿದೆ. ಟಿಕೆಟು ಕೊಟ್ಟ ಕಂಡಕ್ಟರನಿಗೂ ಹೇಳಿಬಿಡೋಣ ಎನಿಸುವಷ್ಟು ಸಂತೋಷವಾಗಿತ್ತು.

ಹಾಲಾಡಿ ಪೇಟೆ ಮಧ್ಯಾಹ್ನಕ್ಕೆ ಮುಂಚೆ ಗಿಜಿಗುಟ್ಟುತ್ತಿತ್ತು. ಶೀನನ ಟೆಂಪೋ ಜಂಕ್ಷನ್ನಿನಿಂದ ಸ್ವಲ್ಪ ಆಚೆ, ಮರದ ನೆರಳಿನಲ್ಲಿ. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು. ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಗೋಣಿ ಹಾಸಿ ಲ್ಯಾಪ್‌ಟಾಪು ಇಟ್ಟೆ. ಅವನು ಕೈಯ ಮೀನಿನ ಸಿಪ್ಪೆಯನ್ನು ಲುಂಗಿಗೆ ಒರೆಸಿಕೊಂಡು ಬಗ್ಗಿದ.

ಚೆಂಡು ಬಂತು. ಸುಣ್ಣ ಎದ್ದಿತು.

"ಕಂಡ್ಯಾ?" ಎಂದೆ.

"ಹೌದ್ ಮಾರಾಯ" ಎಂದು ಅವನು ನಕ್ಕ. ಮುಂದಿನ ಒಂದು ಹಲ್ಲು ಹೋಗಿತ್ತು. "ನಾನ್ ಹೇಳಿದ್ನಲೆ ನಿಂಗೆ? ಅದ್ ಗೆರಿ ಮೇಲೇ ಅಂದೇಳಿ. ಇನ್ನೊಂದ್ ಸಲ ಹಾಕ್."

ಹಾಕಿದೆ. ಎರಡನೆಯ ಸಲವೂ ನಕ್ಕ. ಮೂರನೆಯ ಸಲ ಅವನ ಕಣ್ಣು ಸುಣ್ಣದ ಮೇಲಿರಲಿಲ್ಲ. ಅದಕ್ಕಿಂತ ಆಚೆಗೆ, ಪರದೆಯ ಅಂಚಿಗಿತ್ತು. "ಇಲ್ಲ್ ನಿಲ್ಸ್" ಎಂದ.

ಅಂಚಿನಲ್ಲಿ ಅರ್ಧ ಮೈ ಮಾತ್ರ ಕಾಣುವ ಹಾಗೆ ಒಬ್ಬರು ನಿಂತಿದ್ದರು. ಮೂವತ್ತು ಸಲ ನೋಡಿದ ನನಗೆ ಅವರು ಕಂಡಿರಲೇ ಇಲ್ಲ. ಹೆಗಲ ಮೇಲೆ ಬೈರಾಸು.

"ಇದ್ ಅಪ್ಪಯ್ಯ ಅಲ್ದಾ?"

ಅವನೇ ಒದ್ದೆ ಬೆರಳಿನಿಂದ ಗುಂಡಿ ಒತ್ತಿದ. ಜನರೆಲ್ಲರ ಬೆನ್ನು ಅಂಕಣಕ್ಕಿತ್ತು, ಬಚ್ಚಣ್ಣನ ಮುಖ ಮಾತ್ರ ಅಂಕಣಕ್ಕಿತ್ತು. ಚೆಂಡು ಅವರ ಕಾಲಿನಿಂದ ಒಂದು ಮಾರು ದೂರದಲ್ಲಿ ಬಿತ್ತು. ಸುಣ್ಣ ಎದ್ದಿತು. ಬಚ್ಚಣ್ಣ ಎರಡೂ ಕೈ ಮೇಲೆತ್ತಿದರು, ಮೀನು ಸಿಕ್ಕಿದಾಗ ಎತ್ತುವ ಹಾಗೆ. ಆಮೇಲೆ ಪಕ್ಕಕ್ಕೆ ತಿರುಗಿ ಬಾವುಟ ನೋಡಿದರು. ಬಾವುಟ ಹಿಡಿದವನನ್ನು ನೋಡಿದರು. ಕೈ ಮೆಲ್ಲಗೆ ಕೆಳಗಿಳಿಯಿತು. ಮುಖ ತಿರುಗಿಸಿ, ಎಲ್ಲರ ಹಾಗೆ, ಧನಿಗಳ ಕಡೆ ನೋಡುತ್ತ ನಿಂತರು.

ಶೀನ ಮತ್ತೊಮ್ಮೆ ಹಾಕಲಿಲ್ಲ.

"ಕಂಡಿಲ್ಲೆ ಅಂದಿದ್ರ್" ಎಂದ. ಒದ್ದೆ ಕೈಯನ್ನು ಮತ್ತೆ ಲುಂಗಿಗೆ ಒರೆಸಿಕೊಂಡು, "ಎಂಟ್ ತಿಂಗಳ್ ನನ್ನ್ ಕೈಯಂಗೇ ಇದ್ದಿರ್. ಒಂದ್ ಮಾತ್ ಹೇಳುಕಾಯ್ತಿತ್ತಲೆ."

ಅಷ್ಟರಲ್ಲಿ ಛತ್ರಿ ಹಿಡಿದ ಹೆಂಗಸೊಬ್ಬಳು ಬಂದು "ಹ್ವಾಯ್, ಬಂಗ್ಡಿ ಇತ್ತಾ?" ಎಂದಳು. ಶೀನ ಇತ್ತು ಎಂದ. ಲ್ಯಾಪ್‌ಟಾಪು ಎತ್ತಿ ನನ್ನ ಕೈಗೆ ಕೊಟ್ಟು, ಗೋಣಿ ಸರಿಸಿ, ಪೆಟ್ಟಿಗೆ ತೆರೆದು ಮೀನು ಆರಿಸತೊಡಗಿದ. ಅವಳು ಹೋದ ಮೇಲೂ ಆರಿಸುತ್ತಲೇ ಇದ್ದ. ಊರಿಗೆ ತೋರಿಸಲೇ ಎಂದು ಕೇಳದೆ ಲ್ಯಾಪ್‌ಟಾಪು ಮುಚ್ಚಿದೆ. "ಬತ್ತೆ" ಎಂದು ಹೊರಟೆ. ಅವನು ತಲೆಯೆತ್ತದೆ ಹೇಳಿದ:

"ಆ ಹೂ ಅಲ್ಲೇ ಇರ್ಬೇಕಿತ್ತ್ ಮಾರಾಯ."

ಪ್ರಜ್ವಲನಿಗೆ ಆ ಮುದುಕಿಯರ ಈಜಿನದ್ದು, ಗುಡ್ಡ ಹತ್ತುವುದು, ಸೋಲುವ ಫುಟ್ಬಾಲ್ ತಂಡದ್ದು, ಮೂರು ಹೇಳಿದೆ. ಹೆಸರು ಗಿರಿಜೆ ಹುಡುಕಿಕೊಟ್ಟಳು. ಬಾಕ್ಸರನದ್ದು ಹೇಳಲಿಲ್ಲ. ನಮ್ಮೂರಿನ ಪಂದ್ಯಾಟದ ಹಳೆಯ ವಿಡಿಯೋ ಇದ್ದರೆ ಅದನ್ನೂ ಮಕ್ಕಳಿಗೆ ತೋರಿಸೋಣ ಅಣ್ಣ ಎಂದು ಅವನು ಮತ್ತೆ ಬರೆದಿದ್ದಾನೆ. ನಾನು ಮಾಡಿಕೊಟ್ಟ ಡಿ.ವಿ.ಡಿ. ಧನಿಗಳ ಮನೆಯಲ್ಲಿದೆ, ಕೇಳು ಎಂದೆ. ಕೊಟ್ಟರೆ ತೋರಿಸಲಿ, ಅಡ್ಡಿಯಿಲ್ಲ. ಯಾಕೆಂದರೆ ಅವತ್ತು ಹಾಲಾಡಿಯಿಂದ ಬಂದವನು ಕಂಪ್ಯೂಟರಿನ ಮುಂದೆ ಕುಳಿತು, ಧನಿಗಳ ಸುತ್ತ ನಾಲ್ಕೂ ಬದಿಗೆ ಮೊದಲಿನಂತೆಯೇ ಗುಲಾಬಿ ಹೂವು ಹಾಕಿದೆ. ಎಡಬದಿಯ ಕೆಳಮೂಲೆಗೆ ಒಂದು ಹೂವು ಹೆಚ್ಚು. ಈ ಸಲ ಹೂವಿನ ಹಿಂದೆ ಏನಿದೆ ಎಂದು ಸರಿಯಾಗಿ ನೋಡಿಯೇ ಹಾಕಿದೆ.